ಮೊದಲ ಟ್ರ್ಯಾಕ್ಟರಿನ ಆಯ್ಕೆ: ಎರೆಭೂಮಿಯ ದೊಡ್ಡ ಹಿಡುವಳಿದಾರರಿಗೆ ಕೆಲವು ವಿಚಾರಗಳು

ಧಾರವಾಡ, ಗದಗ, ವಿಜಯಪುರ ಜಿಲ್ಲೆಗಳ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತನೆಯ ಕಾಲ ಬಹಳ ಮೊಟಕು. ಉತ್ತರಿ ಮಳೆ ಜೋರಾಗಿ ಬಿದ್ದರೆ ನಾಲ್ಕೈದು ದಿನ ಹೊಲದಲ್ಲಿ ಕಾಲಿಡಲು ಬರುವುದಿಲ್ಲ. ಅನಂತರ ಹದ ಬರುತ್ತದೆ. ಮತ್ತೆ ಕೆಲವೇ ದಿನಗಳಲ್ಲಿ ಮೇಲ್ಮಣ್ಣು ಒಣಗಿ ಬಿರಿಯತೊಡಗುತ್ತದೆ. ಬಿಳಿಜೋಳವಾಗಲಿ ಕಡಲೆಯಾಗಲಿ ಬೀಳಬೇಕಾದುದು ಈ ನಡುವಿನ ದಿನಗಳಲ್ಲಿಯೇ. ಬಾಡಿಗೆ ಟ್ರ್ಯಾಕ್ಟರಿನವನು ತನ್ನ ಹೊಲ ಮುಗಿಸಿ, ತನ್ನ ಬೀಗರ ಹೊಲ ಮುಗಿಸಿ ಬರುವ ಹೊತ್ತಿಗೆ ಹದ ಆರಿಹೋಗಿರುತ್ತದೆ. ದೊಡ್ಡ ಹಿಡುವಳಿಯ ರೈತ ಸ್ವಂತ ಟ್ರ್ಯಾಕ್ಟರಿನ ವಿಚಾರ ಮಾಡುವುದು ಬಹುಮಟ್ಟಿಗೆ ಇಂತಹ ಒಂದು ಹಂಗಾಮು ಕೈಕೊಟ್ಟ ಮೇಲೆಯೇ. ಸಿಟ್ಟಿನಲ್ಲಿ ಮಾಡಿದ ಈ ವಿಚಾರ ಅವಸರದ ಖರೀದಿಯಲ್ಲಿ ಮುಗಿಯುವುದೂ ಉಂಟು.

ಎತ್ತು ಕೊಂಡು ಕೆಟ್ಟರೆ ಮುಂದಿನ ಸಂತೆಯಲ್ಲಿ ಮಾರಬಹುದು. ಟ್ರ್ಯಾಕ್ಟರಿನ ಮಾತು ಹಾಗಲ್ಲ. ಬ್ಯಾಂಕಿನ ಸಾಲಕ್ಕೆ ಜಮೀನನ್ನು ಒತ್ತೆಯಿಟ್ಟರೆ ಉತಾರದಲ್ಲಿ ಬೋಜಾ ಏರುತ್ತದೆ, ಅದು ಇಳಿಯಲು ಹಲವು ವರ್ಷ ಬೇಕು. ಆ ವರ್ಷಗಳಲ್ಲಿ ಒಂದೆರಡು ಬರಗಾಲ ಬರುವುದಿಲ್ಲವೆಂದು ಯಾರೂ ಹೇಳಲಾರರು. ಆದುದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿ ಕುಳಿತು ಲೆಕ್ಕ ಹಾಕುವುದು ಅವಶ್ಯ.

ಕೆಲಸದ ಲೆಕ್ಕ

ನವಲಗುಂದ ಕಡೆಯ 40 ಎಕರೆ, ಅಂದರೆ 16 ಹೆಕ್ಟೇರ್ ಎರೆ ಹೊಲವಿರುವ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಎರಡು ಜೋಡಿ ಎತ್ತು. ಮುಂಗಾರಿಯಲ್ಲಿ 10 ಹೆಕ್ಟೇರಿನಲ್ಲಿ ಹೆಸರು, ಹಿಂಗಾರಿಯಲ್ಲಿ ಪೂರ್ತಿ ಹೊಲದಲ್ಲಿ ಜೋಳ ಮತ್ತು ಕಡಲೆ.

ಯಾವುದೇ ಸಲಕರಣೆ ಗಂಟೆಗೆ ಎಷ್ಟು ಹೊಲ ಮುಗಿಸುತ್ತದೆಂಬುದನ್ನು ತಿಳಿಯುವ ರೀತಿ ಸುಲಭ. ಸಲಕರಣೆಯ ಅಗಲವನ್ನು ಮೀಟರಿನಲ್ಲಿಯೂ ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿಯೂ ಹಿಡಿದು ಗುಣಿಸಿ 10ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಹೆಕ್ಟೇರ್ ಎಂಬುದು ಬರುತ್ತದೆ. ಬದುವಿನಲ್ಲಿ ತಿರುಗಿಸುವುದು, ಬೀಜ ತುಂಬುವುದು ಇವುಗಳಲ್ಲಿ ಹೋಗುವ ಹೊತ್ತಿಗಾಗಿ ಅದರಲ್ಲಿ ಕಾಲುಭಾಗ ಅಥವಾ ಮೂರನೆಯ ಒಂದು ಭಾಗ ಕಳೆಯಬೇಕು. 2 ಮೀಟರ್ ಅಗಲದ ಕೂರಿಗೆ 4 ಕಿ.ಮೀ. ವೇಗದಲ್ಲಿ ನಡೆದರೆ, ಕಳೆಯುವುದನ್ನು ಕಳೆದು, ಗಂಟೆಗೆ ಸುಮಾರು ಅರ್ಧ ಹೆಕ್ಟೇರ್ ಬಿತ್ತುತ್ತದೆ. 16 ಹೆಕ್ಟೇರಿಗೆ 32 ಗಂಟೆ, ದಿನಕ್ಕೆ 8 ಗಂಟೆಯಂತೆ ನಾಲ್ಕು ದಿನ. ಹದದ ದಿನಗಳು ಆರೇ ಸಿಕ್ಕರೂ ಬಿತ್ತನೆ ಮುಗಿದು ಎರಡು ದಿನ ಉಳಿಯುತ್ತದೆ. ಇದಕ್ಕೆ ದೊಡ್ಡ ಟ್ರ್ಯಾಕ್ಟರ್ ಬೇಕಿಲ್ಲ ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಬಿತ್ತನೆ ಹಗುರವಾದ ಕೆಲಸ. ಅದಕ್ಕೆ ಶಕ್ತಿಗಿಂತ ಹೆಚ್ಚಾಗಿ ಬೇಕಾದುದು, ಬೇಕಾದ ದಿನ ಯಂತ್ರ ಮನೆಯ ಮುಂದೆ ನಿಂತಿರುವುದು.

ಇನ್ನುಳಿದ ಕೆಲಸಗಳನ್ನೂ ಹೀಗೆಯೇ ಬರೆದುಕೊಳ್ಳಬೇಕು. ಈ ಕುಟುಂಬಕ್ಕೆ ವರ್ಷಕ್ಕೆ ಹೊಲದ ಮೂರನೆಯ ಒಂದು ಭಾಗದಲ್ಲಿ ಆಳವಾದ ಉಳುಮೆಗೆ 30 ಗಂಟೆ, ನಾಲ್ಕು ಸಲ ಹರಗಲು 85, ಎರಡೂ ಬಿತ್ತನೆಗೆ 50, ಒಕ್ಕಣೆಗೆ 60, ಗೊಬ್ಬರ ಮತ್ತು ಮಾಲು ಸಾಗಿಸಲು 100, ಒಟ್ಟು 325 ಗಂಟೆ ಬರುತ್ತದೆ. ಟ್ರ್ಯಾಕ್ಟರಿನ ಖರ್ಚು ಲೆಕ್ಕ ಹಾಕುವವರು ರೂಢಿಯಲ್ಲಿ ಹಿಡಿಯುವುದು ವರ್ಷಕ್ಕೆ 1000 ಗಂಟೆ, ಆಯುಷ್ಯ 10 ವರ್ಷ. 40 ಎಕರೆಯ ಒಡೆಯನ ಸ್ವಂತ ಕೆಲಸ ಅದರ ಮೂರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ.

ಎಷ್ಟು ಅಶ್ವಶಕ್ತಿ?

ಮಾರಾಟದ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರುವುದು ಎಂಜಿನ್ನಿನ ಅಶ್ವಶಕ್ತಿ. ಒಕ್ಕುವ ಯಂತ್ರವನ್ನು ತಿರುಗಿಸುವ ಪಿ.ಟಿ.ಓ. ದಂಡಕ್ಕೆ ಅದರಲ್ಲಿ ಸುಮಾರು ನೂರಕ್ಕೆ 85 ರಿಂದ 90 ಭಾಗ ಬರುತ್ತದೆ. ಮೆತ್ತಗಿನ ಹೊಲದಲ್ಲಿ ನೇಗಿಲು ಎಳೆಯಲು ದೊರೆಯುವುದು ಹೆಚ್ಚುಕಡಿಮೆ ಅರ್ಧ ಮಾತ್ರ. ಉಳಿದುದು ಗಾಲಿ ಜಾರುವುದರಲ್ಲಿ, ಮಣ್ಣು ತುಳಿಯುವುದರಲ್ಲಿ ಹೋಗುತ್ತದೆ.

ಅತಿ ಭಾರದ ಕೆಲಸ ಆಳವಾದ ಉಳುಮೆ. ಕರಿಕೆ ಹೆಚ್ಚಿದ ಎರೆ ಹೊಲಕ್ಕೆ ಅದು ಬೇಕೇ ಬೇಕು. ತಲಾ 30 ಸೆಂ.ಮೀ. ಅಗಲದ ಎರಡು ಕುಳದ ನೇಗಿಲು 20 ಸೆಂ.ಮೀ. ಆಳ ಹೋದರೆ 1200 ಚದರ ಸೆಂ.ಮೀ. ಮಣ್ಣನ್ನು ಒಮ್ಮೆಗೆ ಕೊಯ್ಯುತ್ತದೆ. ಅಲ್ಪಸ್ವಲ್ಪ ಹಸಿಯಿರುವ ಎರೆಮಣ್ಣು ಚದರ ಸೆಂ.ಮೀ.ಗೆ 0.7 ಕೆ.ಜಿ.ಯಷ್ಟು ತಡೆ ಒಡ್ಡುತ್ತದೆಂದು ಹಿಡಿದರೆ ಎಳೆತ 840 ಕೆ.ಜಿ. ಎಳೆತವನ್ನು ವೇಗದಿಂದ ಗುಣಿಸಿ 270ರಿಂದ ಭಾಗಿಸಿದರೆ ಎಳೆಯುವ ಅಶ್ವಶಕ್ತಿ ಬರುತ್ತದೆ. ಇಲ್ಲಿ 4 ಕಿ.ಮೀ. ವೇಗಕ್ಕೆ ಅದು ಹನ್ನೆರಡೂವರೆ. ಎಂಜಿನ್ನಿನ ಲೆಕ್ಕದಲ್ಲಿ ಇದರ ಎರಡು ಪಟ್ಟು, 25. ಎಂಜಿನ್ ಏದುಸಿರು ಬಿಡದಂತೆ ಕಾಲುಭಾಗ ಸೇರಿಸಿದರೆ 31. ಅಂದರೆ 35 ಅಶ್ವಶಕ್ತಿಯ ಟ್ರ್ಯಾಕ್ಟರ್ ಸಾಕು.

ಅದೇ ಹೊಲವನ್ನು ಏಪ್ರಿಲ್ ಕಡೆಯವರೆಗೆ ಬಿಟ್ಟು, ಕಲ್ಲಿನಂತಾದ ಮೇಲೆ ಉತ್ತರೆ? ಮಣ್ಣಿನ ತಡೆ 1 ಕೆ.ಜಿ.ಗೆ ಏರಿದರೆ ಎಳೆತ 1200 ಕೆ.ಜಿ., ಅಶ್ವಶಕ್ತಿ 45. ಕಡಲೆ ಕಿತ್ತ ಕೂಡಲೆ, ನೆಲದಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗಲೇ ಮಾಗಿ ಉಳುಮೆ ಮಾಡುವ ರೈತ ಹದಿನಾಲ್ಕು ಕುದುರೆಗಳ ಬೆಲೆ ಉಳಿಸುತ್ತಾನೆ ಎಂದರೆ ತಪ್ಪಾಗಲಾರದು. ಹೆಚ್ಚಿನ ಅಶ್ವಶಕ್ತಿಯನ್ನು ಅಂಗಡಿಯಲ್ಲಿ ಕೊಳ್ಳಬಹುದು, ಹೊಲದ ಹದದಿಂದಲೂ ಪಡೆಯಬಹುದು.

ತೂಕದ ವಿಚಾರವನ್ನು ಕೊಳ್ಳುವವರು ಕೇಳುವುದೇ ಇಲ್ಲ. ಎರಡು ಗಾಲಿಯಿಂದ ಎಳೆಯುವ ಟ್ರ್ಯಾಕ್ಟರ್ ಹೊಲದಲ್ಲಿ ತನ್ನ ತೂಕದ ಅರ್ಧದಷ್ಟನ್ನು ಎಳೆದರೆ ಬಹಳವಾಯಿತು. 1800 ಕೆ.ಜಿ. ತೂಕದ ಟ್ರ್ಯಾಕ್ಟರಿಗೆ 840 ಕೆ.ಜಿ. ಎಳೆತ ಮಿತಿಯೊಳಗಿದೆ, 1200 ಕೆ.ಜಿ. ಮಿತಿಮೀರಿದ್ದು. ಎಂಜಿನ್ನಿನಲ್ಲಿ ಕಸುವಿದ್ದರೂ ಗಾಲಿ ನಿಂತಲ್ಲಿಯೇ ತಿರುಗಿ ಡೀಸೆಲ್ ಮತ್ತು ಟೈರು ಎರಡೂ ಸವೆಯುತ್ತವೆ. ಜಾರುವುದನ್ನು ಅಳೆಯಲು ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತೆಂದು ನೋಡಬೇಕು. ಅನಂತರ ನೇಗಿಲು ಇಳಿಸಿ ಹತ್ತು ಸುತ್ತು. ಮೊದಲು 40 ಮೀಟರ್ ಹೋದದ್ದು ಆಮೇಲೆ 34 ಮೀಟರಿಗೆ ಇಳಿದರೆ ನೂರಕ್ಕೆ 15 ಜಾರುತ್ತಿದೆ ಎಂದರ್ಥ. ಅದಕ್ಕೂ ಹೆಚ್ಚಾದರೆ ಗಾಲಿಗೆ ಕಬ್ಬಿಣದ ತೂಕ ಕಟ್ಟುವುದು ಅಥವಾ ಟೈರಿನಲ್ಲಿ ನೀರು ತುಂಬುವುದು ಸೂಕ್ತ. ಬಿತ್ತನೆಯ ಕಾಲಕ್ಕೆ ಈ ತೂಕವನ್ನು ಮರೆಯದೆ ಇಳಿಸಬೇಕು. ಹಸಿ ಎರೆಮಣ್ಣು ಭಾರದ ಗಾಲಿಯ ಕೆಳಗೆ ಇಟ್ಟಿಗೆಯಂತೆ ಒತ್ತಿಕೊಳ್ಳುತ್ತದೆ. ನಾಲ್ಕೂ ಗಾಲಿಗಳು ಎಳೆಯುವ ಟ್ರ್ಯಾಕ್ಟರ್ ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಉಪಯುಕ್ತ. ಒಣಬೇಸಾಯದವರಿಗೆ ಆ ಹೆಚ್ಚಿನ ಬೆಲೆ ಮರಳಿ ಬರುವುದು ಕಷ್ಟ.

ಹಣದ ಲೆಕ್ಕ

ಟ್ರ್ಯಾಕ್ಟರ್ ಮತ್ತು ಸಲಕರಣೆಗಳು ಸೇರಿ 8 ಲಕ್ಷ ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯಬಹುದು. ಹತ್ತು ವರ್ಷದ ಮೇಲೆ ಹತ್ತನೆಯ ಒಂದು ಭಾಗ ಬೆಲೆ ಉಳಿದರೆ ವರ್ಷದ ಸವಕಳಿ 72 ಸಾವಿರ. ಸರಾಸರಿ ಬೆಲೆಯ ಮೇಲೆ ನೂರಕ್ಕೆ 10ರಂತೆ ಬಡ್ಡಿ 44 ಸಾವಿರ. ವಿಮೆ, ಕೊಟ್ಟಿಗೆ ಮುಂತಾದವು 16 ಸಾವಿರ. ಒಟ್ಟು 1,32,000 ರೂಪಾಯಿ. ಯಂತ್ರ ತಿರುಗಲಿ ಬಿಡಲಿ, ಈ ಖರ್ಚು ತಪ್ಪುವುದಿಲ್ಲ. ತಿರುಗಿದಾಗ ಡೀಸೆಲ್, ಎಣ್ಣೆ, ದುರಸ್ತಿ, ಚಾಲಕನ ಕೂಲಿ ಸೇರಿ ಗಂಟೆಗೆ 520 ರೂಪಾಯಿ ಎಂದಿಟ್ಟುಕೊಳ್ಳಬಹುದು.

325 ಗಂಟೆ ದುಡಿದರೆ ಗಂಟೆಯ ಪೂರ್ತಿ ಖರ್ಚು 926 ರೂಪಾಯಿ ಬೀಳುತ್ತದೆ, 600 ಗಂಟೆ ದುಡಿದರೆ 740. ಊರಿನಲ್ಲಿ ಬಾಡಿಗೆ ಗಂಟೆಗೆ 900 ಇದ್ದರೆ, ಅದರಲ್ಲಿ 520 ಕಳೆದು ಉಳಿದ 380ರಿಂದ 1,32,000ವನ್ನು ಭಾಗಿಸಬೇಕು. 347 ಗಂಟೆ ಬರುತ್ತದೆ. ವರ್ಷಕ್ಕೆ ಅಷ್ಟು ಕೆಲಸವಿದ್ದರೆ ಸ್ವಂತದ್ದಕ್ಕೂ ಬಾಡಿಗೆಗೂ ಸಮ. ಈ ಕುಟುಂಬಕ್ಕೆ ಕೊರತೆ 22 ಗಂಟೆ ಮಾತ್ರ. ನೆರೆಯವರ ಹೊಲದಲ್ಲಿ ಮೂರು ದಿನ ದುಡಿದರೆ ಅದು ತುಂಬುತ್ತದೆ, ಬಿತ್ತನೆ ಹದಕ್ಕೆ ಸಿಕ್ಕ ಲಾಭ ಬೇರೆ.

50 ಅಶ್ವಶಕ್ತಿಯದನ್ನು 10 ಲಕ್ಷಕ್ಕೆ ತಂದರೆ ಚಿತ್ರ ಬದಲಾಗುತ್ತದೆ. ತಪ್ಪದ ಖರ್ಚು 1,65,000, ಓಡುವ ಖರ್ಚು 600 ಎಂದು ಹಿಡಿದರೆ ಸಮವಾಗಲು 550 ಗಂಟೆ ಬೇಕು. ಅಂದರೆ 225 ಗಂಟೆ ಬೇರೆಯವರ ಹೊಲದಲ್ಲಿ ದುಡಿಯಬೇಕು. ಅವರು ಕರೆಯುವುದು ಸಹ ಹದದ ದಿನಗಳಲ್ಲಿಯೇ. ತನ್ನ ಹೊಲ ಹದಕ್ಕೆ ಬಿತ್ತಲೆಂದು ಯಂತ್ರ ತಂದವನು ಕಂತು ಕಟ್ಟಲೆಂದು ಹದದಲ್ಲಿ ಊರ ಹೊಲ ಬಿತ್ತಬೇಕಾಗುತ್ತದೆ. ಇಲ್ಲಿ ಬಳಸಿದ ಅಂಕಿಗಳು ದಾರಿ ತೋರಿಸಲು ಮಾತ್ರ. ರೈತರು ತಮ್ಮ ಊರಿನ ಬಾಡಿಗೆ, ಅಂಗಡಿಯ ಬೆಲೆ, ಬ್ಯಾಂಕಿನ ಬಡ್ಡಿ ಹಾಕಿಕೊಂಡು ಮತ್ತೆ ಲೆಕ್ಕ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್‌.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಹಳೆಯ ಬೆಲೆಪಟ್ಟಿ ನಂಬಬಾರದು. ಕಂತು ಸುಗ್ಗಿ ಮುಗಿದು ಮಾಲು ಮಾರಿದ ಮೇಲೆ ಬೀಳುವಂತೆ ಬ್ಯಾಂಕಿನವರಲ್ಲಿ ಮೊದಲೇ ಮಾತಾಡುವುದು ಒಳಿತು.

ನೋಡಿ ಕೊಳ್ಳುವುದು

ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿ.ಟಿ.ಓ. ಶಕ್ತಿ, ಡೀಸೆಲ್ ಬಳಕೆ, ಎಳೆತ, ಹೈಡ್ರಾಲಿಕ್ ಎತ್ತುವ ಶಕ್ತಿ ಇವೆಲ್ಲ ಅದರಲ್ಲಿರುತ್ತವೆ. ತಾನು ಕೊಳ್ಳುವ ಮಾದರಿಯ ವರದಿಯನ್ನು ಮಾರಾಟಗಾರನಲ್ಲಿ ಕೇಳಲು ರೈತ ಸಂಕೋಚಪಡಬಾರದು. ಎರಡು ಮಾದರಿಗಳ ಬೆಲೆ ಒಂದೇ ಆಗಿದ್ದರೆ, ಬಿಡಿಭಾಗ ಮತ್ತು ಬಲ್ಲ ಮೇಸ್ತ್ರಿ ಯಾವುದಕ್ಕೆ ತಾಲ್ಲೂಕಿನಲ್ಲಿಯೇ ಸಿಗುತ್ತಾರೋ ಅದೇ ಉತ್ತಮ. ಬಿತ್ತನೆಯಲ್ಲಿ ನಿಂತ ಟ್ರ್ಯಾಕ್ಟರಿಗೆ ಹುಬ್ಬಳ್ಳಿಯಿಂದ ಸಾಮಾನು ಬರುವುದರೊಳಗೆ ಹದ ಹೋಗಿರುತ್ತದೆ.

ಹಳೆಯದನ್ನು ಕೊಳ್ಳುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ತಾವೇ ಚಾಲೂ ಮಾಡಿಸಿ ನೋಡಬೇಕು. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಭಾರದ ನೇಗಿಲನ್ನು ಎತ್ತಿ ನಿಲ್ಲಿಸಿ ಹತ್ತು ನಿಮಿಷ ಕಾಯಬೇಕು, ತಾನಾಗಿ ಇಳಿಯತೊಡಗಿದರೆ ಹೈಡ್ರಾಲಿಕ್ ಸವೆದಿದೆ. ಗೇರ್ ಹಾರುವುದೇ, ಸ್ಟೇರಿಂಗಿನಲ್ಲಿ ಸಡಿಲವಿದೆಯೇ ಎಂದು ನೋಡಬೇಕು. ನೋಂದಣಿ ಪುಸ್ತಕದಲ್ಲಿ ಹಳೆಯ ಸಾಲದ ನಮೂದು ತೆಗೆಸದ ಹೊರತು ಹಣ ಕೊಡಬಾರದು. ಪಿಂಜೋರಿನಲ್ಲಿ 1971ರಿಂದ ತಯಾರಾಗುತ್ತಿದ್ದ ಎಚ್.ಎಂ.ಟಿ. ಟ್ರ್ಯಾಕ್ಟರುಗಳ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂತಹ ಗಟ್ಟಿ ಯಂತ್ರವೊಂದು ಅಗ್ಗಕ್ಕೆ ಸಿಕ್ಕರೆ ಬೆಲೆ ಮಾತಾಡುವ ಮೊದಲು ಅದರ ಬಿಡಿಭಾಗ ಎಲ್ಲಿ ಸಿಗುತ್ತದೆಂದು ವಿಚಾರಿಸಬೇಕು.

ಸಲಕರಣೆಗಳನ್ನೆಲ್ಲ ಒಮ್ಮೆಗೇ ಕೊಳ್ಳುವ ಅವಶ್ಯಕತೆಯಿಲ್ಲ. ಮೊದಲ ವರ್ಷ ಕೂರಿಗೆ, ಕುಂಟೆ, ಒಂಬತ್ತು ತಾಳಿನ ಕಲ್ಟಿವೇಟರ್ ಇದ್ದರೆ ನಡೆಯುತ್ತದೆ. ರೋಟಾವೇಟರ್ ಮೊದಲೇ ತರುವ ಚಟ ಈಚೆಗೆ ಹೆಚ್ಚಾಗಿದೆ. ಹೊಲ ನೋಡಲು ಹಿಟ್ಟಿನಂತೆ ಚೆಂದ ಕಾಣುತ್ತದೆ, ಆದರೆ ಮಳೆ ಬಿದ್ದರೆ ಆ ಹಿಟ್ಟೇ ಹೆಪ್ಪುಗಟ್ಟುತ್ತದೆ. ಬೇಕಾದಾಗ ಅದನ್ನು 2014-15ರಿಂದ ನಡೆದಿರುವ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ತರಬಹುದು. ಟ್ರೇಲರ್ ಹಳೆಯದಾದರೂ ಸರಿ, ಬ್ರೇಕು ಮತ್ತು ಹಿಂದಿನ ದೀಪ ಸರಿಯಿರಬೇಕು. ಅದರಲ್ಲಿ ಜಾತ್ರೆಗೆ ಜನರನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯೂ ಕೈಹಿಡಿಯುವುದಿಲ್ಲ.

ಎತ್ತುಗಳನ್ನೆಲ್ಲ ಮಾರಿ ಟ್ರ್ಯಾಕ್ಟರಿನ ಮುಂಗಡ ಕಟ್ಟುವುದು ಅನೇಕರ ಯೋಚನೆ. ಈ ಗಾತ್ರದ ಟ್ರ್ಯಾಕ್ಟರಿನ ಹಿಂದಿನ ಟೈರು ಸಾಮಾನ್ಯವಾಗಿ 13.6 ಅಂಗುಲ, ಅಂದರೆ ಸುಮಾರು 35 ಸೆಂ.ಮೀ. ಅಗಲ. ಜೋಳದ ಸಾಲುಗಳ ನಡುವೆ ಇರುವುದು 45 ಸೆಂ.ಮೀ. ಬೆಳೆ ಮೊಣಕಾಲೆತ್ತರ ಬಂದ ಮೇಲೆ ಅಲ್ಲಿ ಗಾಲಿ ಹಾಯಿಸಿದರೆ ಎಡೆ ಹೊಡೆದಂತಾಗದು, ಬೆಳೆ ತುಳಿಸಿದಂತಾದೀತು. ಎರಡು ಜೋಡಿಯಲ್ಲಿ ಒಂದನ್ನು ಮಾರಿ, ಎಡೆಕುಂಟೆಗೆ ಒಂದನ್ನು ಇಟ್ಟುಕೊಳ್ಳುವುದು ಮೇಲು. ಕೊಟ್ಟಿಗೆ ಗೊಬ್ಬರದ ಮಾತೂ ಅದರೊಂದಿಗೇ ಇದೆ.

ಮನೆಯ ಹುಡುಗರಲ್ಲಿ ಒಬ್ಬನನ್ನಾದರೂ ಯಂತ್ರ ಬರುವ ಮೊದಲೇ ತರಬೇತಿಗೆ ಕಳಿಸುವುದು ಅಗತ್ಯ. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯಿದೆ, ಬಳ್ಳಾರಿ ಕಡೆಯವರಿಗೆ ಅದು ಹತ್ತಿರ. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಎಳೆಯಲು ಸರಪಣಿಯನ್ನು ಹಿಂದಿನ ಆಕ್ಸಲ್ಲಿಗೋ ಅದಕ್ಕಿಂತ ಮೇಲಕ್ಕೋ ಕಟ್ಟಿದರೆ ಮುಂದಿನ ಗಾಲಿಗಳು ಎದ್ದು ಟ್ರ್ಯಾಕ್ಟರ್ ಕ್ಷಣದಲ್ಲಿ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಜಿಗಿಯಲೂ ಹೊತ್ತು ಸಿಗುವುದಿಲ್ಲ. ಕಟ್ಟುವುದು ಯಾವಾಗಲೂ ಕೆಳಗಿನ ಎಳೆಕಂಬಿಗೇ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವುದನ್ನು ಮನೆಯ ಹೆಂಗಸರೇ ಮೊದಲ ದಿನದಿಂದ ತಡೆಯಬೇಕು. ಗಂಡಸರು ತಡೆಯುವುದು ಕಡಿಮೆ.