ಡೆನ್ಮಾರ್ಕಿನ ಅರಸನೂ ತರಂಗಂಬಾಡಿಯ ಕೋಟೆಯೂ

ಡೆನ್ಮಾರ್ಕ್ ಎಂಬುದು ಯೂರೋಪ್ ಖಂಡದ ಉತ್ತರದಲ್ಲಿರುವ ಚಿಕ್ಕ ರಾಜ್ಯವು. ಅದರ ಅರಸನಾದ ನಾಲ್ಕನೆಯ ಕ್ರಿಶ್ಚಿಯನನು 1611ರಿಂದ 1613ರ ವರೆಗೆ ನೆರೆಯ ಸ್ವೀಡನಿನ ಸಂಗಡ ಯುದ್ಧಮಾಡಿ, ಸಂಧಿಯಲ್ಲಿ ಬಹು ಹಣವನ್ನು ಪಡೆದನು. 1616ರಲ್ಲಿ ಹಿಂದೂದೇಶದ ವ್ಯಾಪಾರಕ್ಕೋಸ್ಕರ ಒಂದು ಕಂಪೆನಿಯನ್ನು ಸ್ಥಾಪಿಸಿದನು. ತಂಜಾವೂರಿನ ರಘುನಾಥ ನಾಯಕನು 1620ರಲ್ಲಿ ಡೇನರಿಗೆ ತರಂಗಂಬಾಡಿಯಲ್ಲಿ ಕೋಟೆ ಕಟ್ಟಲು ಅಪ್ಪಣೆಕೊಟ್ಟನು. ಆ ನಾಯಕರ ವಂಶವು ಮೊದಲು ಅಧಿಕಾರ ಹೊಂದಿದ್ದು ನಮ್ಮ ತುಂಗಭದ್ರೆಯ ದಡದ ವಿಜಯನಗರದ ಅರಸರಿಂದಲೇ.

ಆದರೆ ಕ್ರಿಶ್ಚಿಯನನು 1625ರಲ್ಲಿ ಜರ್ಮನಿಯ ಪ್ರೊಟೆಸ್ಟಂಟರ ಪಕ್ಷವಾಗಿ ಮೂವತ್ತು ವರುಷಗಳ ಯುದ್ಧದೊಳಗೆ ಪ್ರವೇಶಿಸಿದನು. ಧರ್ಮದ ಹೆಸರಿನೊಂದಿಗೆ ರಾಜ್ಯದ ಆಶೆಯೂ ಬೆರೆತಿತ್ತು. 1626ರಲ್ಲಿ ಲುಟ್ಟರ್ ಎಂಬಲ್ಲಿ ಸೋತು, 1629ರಲ್ಲಿ ಸಂಧಿಮಾಡಿಕೊಂಡು ಹಿಂದೆಗೆದನು. ಬಳಿಕ ಸ್ವೀಡನಿನ ಅರಸನಾದ ಗುಸ್ತಾವ್ ಅದೋಲ್ಫನು 1630ರಲ್ಲಿ ಅದೇ ಪಕ್ಷಕ್ಕಾಗಿ ಹೊರಟು ಮಹಾಜಯಗಳನ್ನು ಹೊಂದಿ, 1632ರಲ್ಲಿ ಲುಟ್ಸೆನ್ ರಣರಂಗದಲ್ಲಿ ಮಡಿದನು.

ಯುದ್ಧಗಳಿಂದ ಡೆನ್ಮಾರ್ಕಿನ ಬೊಕ್ಕಸವು ಬರಿದಾಯಿತು. ಅನೇಕ ವರುಷಗಳ ಕಾಲ, 1669ರ ತನಕ, ಸ್ವದೇಶದ ಒಂದು ಹಡಗಾದರೂ ತರಂಗಂಬಾಡಿಗೆ ಬರಲಿಲ್ಲ. ಎಸ್ಕಿಲ್ ಆಂಡರ್ಸನ್ ಎಂಬ ಸಾಮಾನ್ಯನು 1655ರಿಂದ ಊರ ಜನರನ್ನು ಕೂಡಿಸಿಕೊಂಡು ಕೋಟೆಯನ್ನು ಬಿಡದೆ ಕಾಯ್ದನು. ಆ ಊರಿಗೇ 1706ರಲ್ಲಿ ಸೀಗನ್‌ಬಾಲ್ಗನೂ ಪ್ಲೂಚೌವನೂ ಸುವಾರ್ತೆಯನ್ನು ತಂದರು.

ಪ್ರಿಯ ವಾಚಕರೇ, ಅರಸನ ಸೇನೆ ಗೆದ್ದದ್ದೇನು, ಕಾವಲುಗಾರನ ತಾಳ್ಮೆ ಉಳಿಸಿದ್ದೇನು? ಮನೆಯವರೊಡನೆ ಆಲೋಚಿಸಿರಿ.