ಪ್ರವಾಸ ಕಥನದ ನೋಟ ಮತ್ತು ಹೆಣ್ಣಿನ ದೇಹ: ವಿಜಯನಗರದಿಂದ ವಯಸ್ಕರ ಚಿತ್ರದವರೆಗೆ

ಪ್ರವಾಸ ಕಥನವು ಕಂಡದ್ದನ್ನು ಕಂಡಂತೆ ಹೇಳುವ ಪ್ರಕಾರವೆಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಏನನ್ನು ಕಾಣಬೇಕು, ಯಾರಿಗಾಗಿ ಕಾಣಬೇಕು ಎಂಬ ಆಯ್ಕೆ ಕಥನಕ್ಕಿಂತ ಮೊದಲೇ ನಡೆದಿರುತ್ತದೆ. ಪರಸ್ಥಳದ ಹೆಣ್ಣಿನ ದೇಹವನ್ನು ಆ ಸ್ಥಳದ ನೋಡತಕ್ಕ ವಸ್ತುಗಳಲ್ಲಿ ಒಂದಾಗಿ ಮುಂದಿಡುವುದು ಈ ಆಯ್ಕೆಯ ಹಳೆಯ ರೂಪಗಳಲ್ಲೊಂದು. ಯುರೋಪಿನ ವಯಸ್ಕರ ಚಿತ್ರಗಳು ಪ್ರವಾಸದ ಚೌಕಟ್ಟನ್ನು ಬಳಸಿಕೊಂಡ ಬಗೆಯನ್ನು ವಿಜಯನಗರ ಕುರಿತ ಬರೆಹಗಳೊಡನೆ ಇಟ್ಟು ಓದಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ.

1969ರಲ್ಲಿ ಡೆನ್ಮಾರ್ಕ್ ಕಾಮಪ್ರಚೋದಕ ಚಿತ್ರಗಳ ಮೇಲಿನ ನಿಷೇಧವನ್ನು ತೆಗೆದುಹಾಕಿತು. 1974ರಲ್ಲಿ ತೆರೆಕಂಡ ‘ಇಮ್ಯಾನುಯೆಲ್’ ಎಂಬ ಫ್ರೆಂಚ್ ಚಿತ್ರದ ನಾಯಕಿ ಬ್ಯಾಂಕಾಕಿನಲ್ಲಿರುವ ರಾಜತಾಂತ್ರಿಕನೊಬ್ಬನ ಹೆಂಡತಿ. ಥಾಯ್ಲೆಂಡಿನ ನೋಟಗಳೂ ಪ್ರಣಯದ ದೃಶ್ಯಗಳೂ ಅಲ್ಲಿ ಒಂದೇ ಹೆಣಿಗೆಯಲ್ಲಿ ಬರುತ್ತವೆ. ಸ್ವದೇಶದ ಕಟ್ಟುಪಾಡುಗಳಿಂದ ಬಿಡುಗಡೆ ನೀಡುವುದಷ್ಟೇ ಆ ನೆಲದ ಕೆಲಸ. ಆ ನೆಲದ ಜನ ಹಿನ್ನೆಲೆಗೆ ಸರಿಯುತ್ತಾರೆ. ಪ್ರವಾಸವು ಇಲ್ಲಿ ವಸ್ತುವಲ್ಲ, ನೆಪ.

ಈ ಹೆಣಿಗೆ ಸಿನಿಮಾದಿಂದ ಹುಟ್ಟಿದ್ದಲ್ಲ. 1443ರಲ್ಲಿ ತೈಮೂರ್ ವಂಶದ ಶಾರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ಟಂಕಸಾಲೆಯ ಹಿಂದಿನ ಬೀದಿಯಲ್ಲಿ ಅಲಂಕರಿಸಿಕೊಂಡು ಕುಳಿತ ವೇಶ್ಯೆಯರನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಆದರೆ ಆ ಬೀದಿಯಿಂದ ಬರುವ ಆದಾಯ ನಗರದ ಕಾವಲುಗಾರರ ಸಂಬಳಕ್ಕೆ ಸಲ್ಲುತ್ತಿತ್ತೆಂಬುದನ್ನೂ ಅವನೇ ದಾಖಲಿಸುತ್ತಾನೆ. ಬೆರಗಿನ ವರ್ಣನೆಯ ನಡುವೆಯೇ ದೇಹ, ತೆರಿಗೆ, ಪ್ರಭುತ್ವಗಳ ಸಂಬಂಧ ಹೀಗೆ ಹೊರಬೀಳುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ದೇವಾಲಯದ ನರ್ತಕಿಯರ ನಡತೆಯ ಬಗ್ಗೆ ತನ್ನ ಧರ್ಮದ ಅಳತೆಗೋಲಿನಿಂದ ತೀರ್ಪು ಕೊಡುತ್ತಾನೆ. ಆದರೂ ಅವರು ಒಳ್ಳೆಯ ಬೀದಿಗಳಲ್ಲಿ ವಾಸಿಸುತ್ತಿದ್ದರು, ರಾಣಿಯರೊಡನೆ ಕುಳಿತು ವೀಳ್ಯ ಮೆಲ್ಲುವ ಗೌರವ ಪಡೆದಿದ್ದರು ಎಂದು ಹೇಳದೆ ಇರಲಾರ. ತೀರ್ಪು ಬರೆದವನದು, ವಿವರ ಆ ಸಮಾಜದ್ದು.

ಕುದುರೆ ವ್ಯಾಪಾರಿ ನ್ಯೂನಿಜ್ ಇನ್ನೂ ಮುಂದೆ ಹೋಗುತ್ತಾನೆ. ಅರಮನೆಯಲ್ಲಿ ಲೆಕ್ಕ ಬರೆಯುವ, ಕುಸ್ತಿ ಮಾಡುವ, ಜ್ಯೋತಿಷ್ಯ ಹೇಳುವ ಹೆಣ್ಣುಮಕ್ಕಳನ್ನು ಅವನು ಹೆಸರಿಸುತ್ತಾನೆ. ಹೆಣ್ಣನ್ನು ಕೇವಲ ದೇಹವಾಗಿ ಕಾಣುವುದು ಪ್ರವಾಸ ಕಥನದ ಅನಿವಾರ್ಯ ಗುಣವಲ್ಲ, ಅದೊಂದು ಆಯ್ಕೆ ಎಂಬುದಕ್ಕೆ ಇದೇ ಸಾಕ್ಷಿ. ಇದಕ್ಕೆ ಪೂರಕವಾಗಿ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳನ್ನು ಗಮನಿಸಬಹುದು. ಅಲ್ಲಿ ನರ್ತಿಸುವ, ಬೇಟೆಯಾಡುವ ಹೆಣ್ಣುಗಳಿದ್ದಾರೆ. ಅವರ ಜೊತೆಗೆ ಪರದೇಶಿಯರೂ ಇದ್ದಾರೆ. ನೋಡಲು ಬಂದವರನ್ನು ವಿಜಯನಗರವೂ ನೋಡಿ ಕಲ್ಲಿನಲ್ಲಿ ಕಂಡರಿಸಿತ್ತು.

ಕನ್ನಡ ಸಿನಿಮಾ ಹೊರನಾಡಿಗೆ ಹೋದಾಗ ಈ ನೋಟದ ದಿಕ್ಕು ಬದಲಾಯಿತು. 1978ರ ‘ಸಿಂಗಪೂರಿನಲ್ಲಿ ರಾಜಾ ಕುಳ್ಳ’ ಆ ದಾರಿಯನ್ನು ತೆರೆಯಿತು. ಪ್ರವಾಸ ಕಥನಕಾರರೂ ಆದ ನಾಗತಿಹಳ್ಳಿ ಚಂದ್ರಶೇಖರ ಅವರ ‘ಪ್ಯಾರಿಸ್ ಪ್ರಣಯ’ (2003) ಯುರೋಪನ್ನೇ ಪ್ರಣಯದ ನೆಲೆಯಾಗಿಸಿತು. ಇದು ವಯಸ್ಕರ ಚಿತ್ರವಲ್ಲ; ಆದರೆ ಸ್ಥಳವೂ ಪ್ರಣಯವೂ ಒಂದನ್ನೊಂದು ಸಮರ್ಥಿಸುವ ರಚನೆ ಇಲ್ಲಿಯೂ ಇದೆ. ಇತ್ತ ಹಂಪಿಯಲ್ಲಿ, ಚೀನಾದ ಛಿನ್ ಕಾಲದ ಸೇನಾನಿಯ ಕತೆಯುಳ್ಳ ಜಾಕಿ ಚಾನ್‌ರ ‘ದಿ ಮಿಥ್’ (2005) ಚಿತ್ರದ ಭಾಗಗಳು ಚಿತ್ರಿತವಾದವು. ಪ್ಯಾರಿಸ್ ನಮಗೆ ಹಿನ್ನೆಲೆಯಾದಂತೆ ಹಂಪಿ ಮತ್ತೊಬ್ಬರಿಗೆ ಹಿನ್ನೆಲೆಯಾಯಿತು.

ಈ ಹಿನ್ನೆಲೆಯಲ್ಲಿ ಕಾನೂನಿನ ಮಿತಿಯನ್ನು ಅರಿಯಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಲ್ಲನ್ನು ಕಾಯುತ್ತದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೊಡುವ ‘ಎ’ ಪ್ರಮಾಣಪತ್ರ ನೋಡುಗರ ವಯಸ್ಸನ್ನು ನಿರ್ಧರಿಸುತ್ತದೆ. ನೋಟದ ಸ್ವರೂಪವನ್ನು ಎರಡೂ ಪ್ರಶ್ನಿಸುವುದಿಲ್ಲ. ಆ ಪ್ರಶ್ನೆ ಸಾಹಿತ್ಯ ವಿಮರ್ಶೆಯದು. ಪ್ರವಾಸ ಕಥನವನ್ನು ತರಗತಿಯಲ್ಲಿ ಪಾಠ ಮಾಡುವಾಗ ಸ್ಥಳವರ್ಣನೆಯ ಸೊಗಸಿನಲ್ಲಿಯೇ ನಿಲ್ಲದೆ, ವರ್ಣನೆಗೊಳಗಾದವರಿಗೆ ಕೆಲಸ, ಮಾತು, ಮರುನೋಟ ಇವೆಯೇ ಎಂದು ಕೇಳಬೇಕಾಗುತ್ತದೆ. ಈ ಮೂರರ ಅಭಾವದಲ್ಲಿ ರಜಾಕನ ಬೀದಿಗೂ ವಯಸ್ಕರ ಚಿತ್ರದ ಬ್ಯಾಂಕಾಕಿಗೂ ಇರುವ ಅಂತರ ಮಾಧ್ಯಮದ್ದು ಮಾತ್ರ.