ಪ್ಲಾಸ್ಮಾ ಪರದೆಯ ಕಪ್ಪು

ಒಂದೇ ವಸ್ತುವನ್ನು ಹಣ ಕೊಟ್ಟು ಕೊಂಡು ದಿನವೂ ನೋಡುತ್ತಿರುವವರೇ ಅದನ್ನು ಕುರಿತು ಒಂದಕ್ಕೊಂದು ಹೊಂದದ ಮಾತುಗಳನ್ನಾಡುವುದುಂಟು. ಪ್ಲಾಸ್ಮಾ ಟೆಲಿವಿಷನ್ ಇಂಥ ವಸ್ತುಗಳಲ್ಲೊಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳಲ್ಲಿ ಅದನ್ನು ಇನ್ನೂ ಉಳಿಸಿಕೊಂಡಿರುವವರ ಮಾತು ಆಗಾಗ ನಮ್ಮ ಕಿವಿಗೆ ಬೀಳುತ್ತದೆ. “ಇದರ ಕಪ್ಪಿನಂಥ ಕಪ್ಪು ಇನ್ನಾವ ಪರದೆಯಲ್ಲಿಯೂ ಇಲ್ಲ” ಎನ್ನುವರು ಒಬ್ಬರು. “ಹಗಲಿನಲ್ಲಿ ನೋಡಿದರೆ ಚಿತ್ರದ ಮೇಲೆ ಬೂದಿ ಎರಚಿದಂತಿರುತ್ತದೆ” ಎನ್ನುವರು ಮತ್ತೊಬ್ಬರು. ಕ್ರಿಕೆಟ್ಟಿನ ಚೆಂಡಿಗೆ ಬಾಲ ಮೂಡುವುದಿಲ್ಲವೆಂದು ಒಬ್ಬರು ಹೊಗಳಿದರೆ, ಕತ್ತಲೆಯ ದೃಶ್ಯದಲ್ಲಿ ಹತ್ತಿರ ಹೋದರೆ ಮರಳು ಕುದಿಯುವಂತೆ ಕಾಣುವುದೆಂದು ಇನ್ನೊಬ್ಬರು ದೂರುವರು. ಇವರೆಲ್ಲರೂ ಒಂದೇ ಜಾತಿಯ ಯಂತ್ರದ ವಿಷಯವಾಗಿಯೇ ಮಾತನಾಡುತ್ತಿರುವರೇ ಎಂದು ಕೇಳುವವರಿಗೆ ಸಂದೇಹ ಬಂದರೆ ಆಶ್ಚರ್ಯವಿಲ್ಲ.

ಇದು ಕೇವಲ ಹರಟೆಯ ವಿಷಯವಲ್ಲ. ಕನಕಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಐವತ್ತು ಅಂಗುಲದ ಇಂಥದೊಂದು ಪರದೆಯಿದೆ. ಅದನ್ನು ಗುಜರಿಗೆ ಹಾಕಿ ಹೊಸದನ್ನು ಕಂತಿನ ಮೇಲೆ ತರೋಣವೆಂದು ಅಣ್ಣನ ವಾದ, ತಂದೆಯವರು ಒಪ್ಪರು. ಹೊಸದರ ಕಂತು ಆಕೆಯ ಹಾಸ್ಟೆಲ್ ಖರ್ಚಿನೊಡನೆ ಸ್ಪರ್ಧಿಸಬೇಕಾದ ಸ್ಥಿತಿ. “ಯಾರ ಅಭಿಪ್ರಾಯವನ್ನು ನಂಬುವುದು, ಸಾರ್?” ಎಂಬುದು ಆಕೆಯ ಪ್ರಶ್ನೆ. ಎಲ್ಲರ ಅಭಿಪ್ರಾಯವೂ ನಿಜವಾಗಿರಬಹುದು ಎಂಬುದು ನಮ್ಮ ಉತ್ತರ. ಆದರೆ ಯಾವುದು ಯಾವ ಸನ್ನಿವೇಶದಲ್ಲಿ ನಿಜವೆಂಬುದನ್ನು ತಿಳಿಯಲು ಪರದೆಯ ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ವಿಚಾರಿಸಬೇಕು.

ಪ್ಲಾಸ್ಮಾ ಪರದೆಯೆಂದರೆ ಎರಡು ಗಾಜಿನ ಹಲಗೆಗಳ ನಡುವೆ ಜೋಡಿಸಿದ ಲಕ್ಷಾಂತರ ಪುಟ್ಟ ಟ್ಯೂಬ್‌ಲೈಟುಗಳೆಂದು ಭಾವಿಸಬಹುದು. ಪ್ರತಿಯೊಂದು ಕೋಶದಲ್ಲಿಯೂ ನಿಯಾನ್ ಮತ್ತು ಕ್ಸೆನಾನ್ ಅನಿಲಗಳ ಮಿಶ್ರಣವಿದೆ. ವಿದ್ಯುದ್ವಾರಗಳ ನಡುವೆ ಸಾಕಷ್ಟು ವೋಲ್ಟೇಜನ್ನು ಒದಗಿಸಿದಾಗ ಅನಿಲವು ಅಯಾನುಗಳಾಗಿಯೂ ಎಲೆಕ್ಟ್ರಾನುಗಳಾಗಿಯೂ ಒಡೆಯುತ್ತದೆ. ಈ ಸ್ಥಿತಿಗೇ ಪ್ಲಾಸ್ಮಾ ಎಂದು ಹೆಸರು. ಉದ್ರೇಕಗೊಂಡ ಕ್ಸೆನಾನ್ ಪರಮಾಣು ಮುಖ್ಯವಾಗಿ ೧೪೭ ನ್ಯಾನೋಮೀಟರ್ ತರಂಗದೂರದ ಅತಿನೇರಿಳೆ ಕಿರಣವನ್ನು ಸೂಸುತ್ತದೆ. ಇದು ಕಣ್ಣಿಗೆ ಕಾಣದು. ಆದರೆ ಕೋಶದ ಗೋಡೆಗೆ ಬಳಿದ ಫಾಸ್ಫರ್ ಎಂಬ ಲೇಪವು ಅದನ್ನು ಹೀರಿಕೊಂಡು ಕೆಂಪು, ಹಸಿರು ಅಥವಾ ನೀಲಿ ಬೆಳಕನ್ನು ಕೊಡುತ್ತದೆ. ಮೂರು ಬಣ್ಣದ ಮೂರು ಕೋಶಗಳು ಕೂಡಿ ಒಂದು ಚಿತ್ರಬಿಂದು. ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿರುವ ಪರದೆಯಲ್ಲಿ ಕೋಶಗಳ ಸಂಖ್ಯೆ ೬೨,೨೦,೮೦೦.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಇವರು ೧೯೬೪ರಲ್ಲಿಯೇ ಇದನ್ನು ಸಾಧಿಸಿದರು. ಟೆಲಿವಿಷನ್ ಅವರ ಗುರಿಯಾಗಿರಲಿಲ್ಲ. ‘ಪ್ಲೇಟೋ’ ಎಂಬ ಗಣಕಯಂತ್ರದ ಮೂಲಕ ಪಾಠ ಹೇಳುವ ವ್ಯವಸ್ಥೆಗೆ ಪರದೆಯೊಂದು ಬೇಕಾಗಿತ್ತು. ಅಂದಿನ ಪರದೆಗಳ ಬೆಳಕು ನಿಯಾನಿನ ಕಿತ್ತಳೆ ಬಣ್ಣವೊಂದೇ. ಪಾಠ ಕಲಿಸಲು ಹುಟ್ಟಿದ ಪರದೆ ಕೊನೆಗೆ ಸಿನಿಮಾ ತೋರಿಸುವ ಶ್ರೀಮಂತರ ವಸ್ತುವಾದದ್ದು ವಿನೋದವೇ ಸರಿ.

ಈಗ ಕಪ್ಪಿನ ಮಾತಿಗೆ ಬರೋಣ. ದ್ರವಸ್ಫಟಿಕದ ಪರದೆಯಲ್ಲಿ, ಎಂದರೆ ಎಲ್‌ಸಿಡಿಯಲ್ಲಿ, ಹಿಂದೆ ದೀಪವೊಂದು ಉರಿಯುತ್ತಲೇ ಇರುತ್ತದೆ. ಮುಂದಿನ ಸ್ಫಟಿಕಗಳು ಕಿಟಕಿಯ ಬಾಗಿಲುಗಳಂತೆ ತೆರೆದು ಮುಚ್ಚುತ್ತವೆ. ಎಷ್ಟು ಬಿಗಿಯಾಗಿ ಮುಚ್ಚಿದರೂ ಸಂದಿನಿಂದ ಸ್ವಲ್ಪ ಬೆಳಕು ಸೋರುವುದು. ಪ್ಲಾಸ್ಮಾ ಪರದೆಯಲ್ಲಿ ಹಿಂಬೆಳಕೆಂಬುದೇ ಇಲ್ಲ. ಬೇಡವಾದ ಕೋಶ ಉರಿಯುವುದೇ ಇಲ್ಲ. ಹಾಗಾದರೆ ಕಪ್ಪು ಪೂರ್ಣವಾಗಿರಬೇಕಷ್ಟೆ? ಅಷ್ಟು ಸುಲಭವಲ್ಲ. ಕೋಶವು ಬೇಕೆಂದ ಕ್ಷಣದಲ್ಲಿ ಹೊತ್ತಿಕೊಳ್ಳಬೇಕಾದರೆ ಒಳಗೆ ಮೊದಲೇ ಕೆಲವು ವಿದ್ಯುತ್ಕಣಗಳು ಸಿದ್ಧವಾಗಿರಬೇಕು. ಅದಕ್ಕಾಗಿ ಪದೇ ಪದೇ ಒಂದು ಮಂದ ವಿಸರ್ಜನೆಯನ್ನು ಉಂಟುಮಾಡುತ್ತಾರೆ. ಒಲೆಯಲ್ಲಿ ಕೆಂಡವನ್ನು ಬೂದಿಯಡಿ ಉಳಿಸಿಕೊಂಡಂತೆ. ಆ ಮಂದ ಹೊಳಪೇ ಪ್ಲಾಸ್ಮಾದ ಕಪ್ಪನ್ನು ಕೆಡಿಸುವುದು. ಮೇಲ್ದರ್ಜೆಯ ಯಂತ್ರಗಳಿಗೆ ಹೆಚ್ಚು ಬೆಲೆ ಬಂದದ್ದು ಬಹುಮಟ್ಟಿಗೆ ಈ ಕೆಂಡವನ್ನು ತಗ್ಗಿಸಿದ್ದಕ್ಕೆ. ಜಪಾನಿನ ಪಯೋನಿಯರ್ ಕಂಪೆನಿ ೨೦೦೭ರಲ್ಲಿ ತನ್ನ ಪರದೆಗಳಿಗೆ ‘ಕುರೋ’ ಎಂದು ಹೆಸರಿಟ್ಟಿತು. ಜಪಾನಿ ಭಾಷೆಯಲ್ಲಿ ಅದಕ್ಕೆ ಕಪ್ಪು ಎಂದೇ ಅರ್ಥ.

ಕಪ್ಪನ್ನು ಪರೀಕ್ಷಿಸಲು ನಮ್ಮ ಸೀಮೆಯವರಿಗೆ ದೂರ ಹೋಗಬೇಕಾಗಿಲ್ಲ. ರಾಮನಗರದ ಬೆಟ್ಟಗಳ ನಡುವೆ ಚಿತ್ರಿತವಾಗಿ ೧೯೭೫ರ ಆಗಸ್ಟ್ ೧೫ರಂದು ತೆರೆಕಂಡ ‘ಶೋಲೆ’ ಚಿತ್ರದಲ್ಲಿ, ಮುಸ್ಸಂಜೆಯಲ್ಲಿ ಮನೆಯ ಜಗಲಿಯ ದೀಪಗಳನ್ನು ರಾಧಾ ಒಂದೊಂದಾಗಿ ಆರಿಸುವ ದೃಶ್ಯವಿದೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ಸೆರೆಹಿಡಿದ ಆ ಮಬ್ಬಿನಲ್ಲಿ ಒಳ್ಳೆಯ ಪ್ಲಾಸ್ಮಾ ಪರದೆ ದೀಪದ ಕಿಡಿಯನ್ನೂ ಕಂಬದ ನೆರಳನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಸಾಧಾರಣ ಎಲ್‌ಸಿಡಿಯಲ್ಲಿ ನೆರಳೆಲ್ಲ ಬೂದುಬಣ್ಣಕ್ಕೆ ತಿರುಗುವುದು. ಆದರೆ ಇದನ್ನು ರಾತ್ರಿ, ದೀಪವಾರಿಸಿ ನೋಡಬೇಕು.

ಏಕೆಂದು ಲೆಕ್ಕ ಹಾಕೋಣ. ಪ್ಲಾಸ್ಮಾದ ಬಿಳುಪು ೧೦೦ ಮಾನ, ಕಪ್ಪು ೦.೦೧ ಮಾನ ಎಂದಿಟ್ಟುಕೊಳ್ಳಿ. ಇವೆರಡರ ಪ್ರಮಾಣ ಹತ್ತು ಸಾವಿರಕ್ಕೊಂದು. ಎಲ್‌ಸಿಡಿಯ ಬಿಳುಪು ೩೦೦, ಕಪ್ಪು ೦.೩ ಆಗಿರಲಿ, ಪ್ರಮಾಣ ಸಾವಿರಕ್ಕೊಂದು. ಕತ್ತಲೆಯಲ್ಲಿ ಪ್ಲಾಸ್ಮಾ ಹತ್ತರಷ್ಟು ಮೇಲು. ಈಗ ಕಿಟಕಿ ತೆರೆಯಿರಿ. ಹೊರಗಿನ ಬೆಳಕು ಎರಡು ಪರದೆಗಳ ಗಾಜಿನಿಂದಲೂ ಪ್ರತಿಫಲಿಸಿ ೨ ಮಾನ ಸೇರಿತೆನ್ನಿ. ಪ್ಲಾಸ್ಮಾದಲ್ಲಿ ೧೦೨ಕ್ಕೆ ೨.೦೧, ಎಂದರೆ ಸುಮಾರು ೫೧. ಎಲ್‌ಸಿಡಿಯಲ್ಲಿ ೩೦೨ಕ್ಕೆ ೨.೩, ಎಂದರೆ ಸುಮಾರು ೧೩೧. ಹತ್ತು ಸಾವಿರದ ವೈಭವ ಐವತ್ತೊಂದಕ್ಕೆ ಇಳಿಯಿತು! ಈ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಯಂತ್ರದಿಂದ ಯಂತ್ರಕ್ಕೆ ಅವು ಬೇರೆಯಾಗುವುವು. ಆದರೂ ಮೊದಲನೆಯವರ ಹೊಗಳಿಕೆಗೂ ಎರಡನೆಯವರ ಬೂದಿಗೂ ನಡುವೆ ಇರುವುದು ಒಂದು ಕಿಟಕಿ ಮಾತ್ರ ಎಂಬುದು ಸ್ಪಷ್ಟವಾಗುತ್ತದೆ.

ಇನ್ನೊಂದು ವಿಷಯ. ಪ್ರತಿಯೊಂದು ಕೋಶವೂ ತನ್ನ ಬೆಳಕಿಗೆ ತಾನೇ ವಿದ್ಯುತ್ತನ್ನು ಬಳಸುವುದರಿಂದ, ಎಲ್ಲ ಕೋಶಗಳೂ ಒಮ್ಮೆಗೇ ಉರಿದರೆ ಖರ್ಚು ಮಿತಿಮೀರುವುದು. ಆದ್ದರಿಂದ ಚಿತ್ರದಲ್ಲಿ ಬಿಳುಪು ಹೆಚ್ಚಾದಂತೆ ಯಂತ್ರವೇ ಪ್ರಕಾಶವನ್ನು ತಗ್ಗಿಸುತ್ತದೆ. ಕತ್ತಲಲ್ಲಿ ಉರಿಯುವ ಪಂಜು ಕಣ್ಣುಕೋರೈಸಿದರೆ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಿಳಿಯ ಗೂಡುಗಳ ರಾಶಿ ಪರದೆಯನ್ನೆಲ್ಲ ತುಂಬಿದಾಗ ಆ ಬಿಳುಪು ಮಂಕಾಗಿ ತೋರುವುದು. ಕೋಣೆ ಬಿಸಿಯಾಗುವುದೆಂಬ ದೂರಿಗೂ ಮೂಲ ಇಲ್ಲಿಯೇ ಇದೆ. ದೊಡ್ಡ ಪ್ಲಾಸ್ಮಾ ಪರದೆ ಕೆಲವು ನೂರು ವಾಟ್ ಬಳಸುತ್ತದೆ. ಅದರ ಬಹುಭಾಗ ಶಾಖವಾಗಿಯೇ ಹೊರಬೀಳಬೇಕು.

ಮರಳು ಕುದಿಯುವ ಸಂಗತಿ ಬಹಳ ಸ್ವಾರಸ್ಯವಾದದ್ದು. ಪ್ಲಾಸ್ಮಾ ಕೋಶಕ್ಕೆ ಉರಿಯುವುದು, ಆರುವುದು ಇವೆರಡೇ ಗೊತ್ತು, ಅರೆಬೆಳಕು ಗೊತ್ತಿಲ್ಲ. ಹಾಗಿರುವಲ್ಲಿ ಸಾವನದುರ್ಗದ ಹಿಂದಿನ ಸಂಜೆಯ ಆಕಾಶದ ನೂರಾರು ಛಾಯೆಗಳನ್ನು ತೋರಿಸುವುದೆಂತು? ಕಾಲವನ್ನು ಹಂಚಿ. ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ನಿಲ್ಲುವ ಒಂದು ಚಿತ್ರವನ್ನು ಎಂಟು ತುಂಡುಗಳಾಗಿ ಮಾಡಿ, ಅವುಗಳ ಬೆಳಕು ೧, ೨, ೪, ೮, ೧೬, ೩೨, ೬೪, ೧೨೮ ಈ ಪ್ರಮಾಣದಲ್ಲಿರುವಂತೆ ಮಾಡುತ್ತಾರೆ. ಬೇಕಾದ ತುಂಡುಗಳಲ್ಲಿ ಮಾತ್ರ ಕೋಶ ಉರಿದರೆ ೦ಯಿಂದ ೨೫೫ರವರೆಗಿನ ಯಾವ ಮಟ್ಟವನ್ನಾದರೂ ಪಡೆಯಬಹುದು. ಕೂಡಿಸುವ ಕೆಲಸವನ್ನು ಕಣ್ಣೇ ಮಾಡುತ್ತದೆ. ಅತ್ಯಂತ ಕತ್ತಲೆಯ ಛಾಯೆಗಳಲ್ಲಿ ಮಾತ್ರ ಮೆಟ್ಟಿಲುಗಳು ತೀರ ಒರಟು. ಅವುಗಳ ನಡುವಿನ ಮಟ್ಟವನ್ನು ಸಾಧಿಸಲು ಅಕ್ಕಪಕ್ಕದ ಕೋಶಗಳನ್ನು ಬೇಗಬೇಗನೆ ಹೊತ್ತಿಸಿ ಆರಿಸುತ್ತಾರೆ. ದೂರದಿಂದ ಅದು ನಯವಾದ ನೆರಳು. ಹತ್ತಿರದಿಂದ ಕುದಿಯುವ ಮರಳು.

ಇದೇ ಹಂಚಿಕೆಯಲ್ಲಿ ಮತ್ತೊಂದು ತೊಡಕಿದೆ. ೧೨೭ನೆಯ ಮಟ್ಟವೆಂದರೆ ಮೊದಲಿನ ಏಳು ತುಂಡುಗಳು. ೧೨೮ ಎಂದರೆ ಕೊನೆಯದೊಂದೇ. ಮೆಲ್ಲನೆ ತಿರುಗುವ ಮುಖವನ್ನು ಕಣ್ಣು ಹಿಂಬಾಲಿಸುವಾಗ, ಈ ಎರಡು ಛಾಯೆಗಳ ಗಡಿಯಲ್ಲಿ ಒಂದರ ಏಳೂ ಮತ್ತೊಂದರ ಎಂಟನೆಯದೂ ಅಕ್ಷಿಪಟದ ಒಂದೇ ಜಾಗದಲ್ಲಿ ಬಿದ್ದು ಸೇರಬಹುದು. ಇಲ್ಲವೆ ಎರಡೂ ತಪ್ಪಿಹೋಗಬಹುದು. ಆಗ ಕೆನ್ನೆಯ ಮೇಲೆ ನಕಾಶೆಯ ಗೆರೆಗಳಂತೆ ಹೊಳಪಿನ ಅಥವಾ ಕಪ್ಪಿನ ಪಟ್ಟಿ ಕ್ಷಣಕಾಲ ಹಾಯುತ್ತದೆ. ಮುಂದಿನ ವರ್ಷಗಳ ಯಂತ್ರಗಳಲ್ಲಿ ತುಂಡುಗಳ ಸಂಖ್ಯೆಯನ್ನೂ ಕ್ರಮವನ್ನೂ ಬದಲಿಸಿ ಇದನ್ನು ಬಹಳಮಟ್ಟಿಗೆ ತಗ್ಗಿಸಿದರು.

ಚಲನೆಯಲ್ಲಿ ಪ್ಲಾಸ್ಮಾಕ್ಕೆ ಲಾಭವೂ ಉಂಟು. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯೊಂದು ಪರದೆಯ ಮೇಲೆ ಸೆಕೆಂಡಿಗೆ ೧೦೦೦ ಬಿಂದುಗಳಂತೆ ಸರಿಯಲಿ. ಎಲ್‌ಸಿಡಿಯಲ್ಲಿ ಪ್ರತಿ ಚಿತ್ರವೂ ಐವತ್ತನೆಯ ಒಂದು ಸೆಕೆಂಡು ಪೂರ್ತಿ ನಿಂತಿರುತ್ತದೆ. ಅಷ್ಟರಲ್ಲಿ ಹಿಂಬಾಲಿಸುವ ಕಣ್ಣು ೨೦ ಬಿಂದುಗಳಷ್ಟು ಮುಂದೆ ಹೋಗಿರುತ್ತದೆ. ಬುಗುರಿಯ ಕೆಂಪು ಪಟ್ಟೆ ಅಷ್ಟು ಅಗಲಕ್ಕೆ ಕದಡುವುದು. ಪ್ಲಾಸ್ಮಾದ ಬೆಳಕು ಚಿಕ್ಕ ಚಿಕ್ಕ ಮಿಂಚುಗಳಾಗಿ ಬರುವುದರಿಂದ ಕದಡುವುದು ಕಡಿಮೆ. ಜೊತೆಗೆ ಪಕ್ಕದಲ್ಲಿ ಕುಳಿತು ನೋಡಿದರೂ ಬಣ್ಣ ಕೆಡದು; ಚಾಪೆಯ ತುದಿಯಲ್ಲಿ ಕೂರುವ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಅಭಿಪ್ರಾಯ ಹೇಳುವವರು ಸಾಮಾನ್ಯವಾಗಿ ಮರೆಯುವುದು ಪರದೆಗೆ ಬರುವ ಸಂಕೇತವನ್ನು. ಹಳೆಯ ಗುಣಮಟ್ಟದ ಕೇಬಲ್ ಚಿತ್ರದಲ್ಲಿರುವುದು ೭೨೦ಕ್ಕೆ ೫೭೬, ಅಂದರೆ ೪,೧೪,೭೨೦ ಬಿಂದುಗಳು. ಪರದೆಯಲ್ಲಿರುವುದು ಸರಿಯಾಗಿ ಅದರ ಐದರಷ್ಟು. ಇಲ್ಲದ ನಾಲ್ಕು ಪಾಲನ್ನು ಯಂತ್ರ ಊಹಿಸಿ ತುಂಬಬೇಕು. ಆ ಊಹೆಯ ದೋಷವನ್ನು ಅನಿಲದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊಗಳುವವರ ಮಾತನ್ನೂ ತೂಗಿ ನೋಡಬೇಕು. ಪಯೋನಿಯರ್ ೨೦೦೯ರಲ್ಲಿ ಟೆಲಿವಿಷನ್ ವ್ಯಾಪಾರದಿಂದ ಹಿಂದೆಗೆಯುವುದಾಗಿ ಪ್ರಕಟಿಸಿತು. ಪ್ಯಾನಸಾನಿಕ್ ೨೦೧೩ರ ಕೊನೆಯಲ್ಲಿ ಪ್ಲಾಸ್ಮಾ ತಯಾರಿಕೆಯನ್ನು ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ ಕಂಪೆನಿಗಳು ೨೦೧೪ರಲ್ಲಿ ಕೈಬಿಟ್ಟವು. ಹೀಗಿರಲಾಗಿ ಇಂದು ನಮಗೆ ಕೇಳಿಬರುವ ಅಭಿಪ್ರಾಯ ಯಂತ್ರ ಇನ್ನೂ ಕೆಡದೆ ಉಳಿದವರದು ಮಾತ್ರ. ಕೆಟ್ಟುಹೋದವರು ಎಂದೋ ಬೇರೆ ಪರದೆ ತಂದು ಸುಮ್ಮನಾಗಿದ್ದಾರೆ. ಉಳಿದ ಪರದೆಗಳಲ್ಲಿಯೂ ಫಾಸ್ಫರ್ ಉರಿದಷ್ಟೂ ಸವೆಯುತ್ತದೆ. ವಾರ್ತಾವಾಹಿನಿಯ ಮುದ್ರೆ ವರ್ಷಗಟ್ಟಲೆ ನಿಂತ ಮೂಲೆ ಬೇರೆಯಾಗಿ ಸವೆದು, ಅದರ ನೆರಳು ಅಲ್ಲಿ ಶಾಶ್ವತವಾಗುವುದುಂಟು. ದಿನವೂ ನೋಡುವವರಿಗೆ ಇದು ಬೇಗ ಕಾಣದು, ಕಣ್ಣು ಒಗ್ಗಿಹೋಗಿರುತ್ತದೆ.

ಆ ವಿದ್ಯಾರ್ಥಿನಿಯ ಮನೆಯವರು ರಾತ್ರಿ ಊಟದ ನಂತರ ಸಿನಿಮಾ ನೋಡುವವರಾದರೆ, ಮೂಲೆಯಲ್ಲಿ ಮುದ್ರೆಯ ನೆರಳೂ ಇಲ್ಲವಾದರೆ, ಪರದೆ ಇನ್ನು ಕೆಲವು ಕಾಲ ಇರಲೆಂಬುದು ನಮ್ಮ ಮತ. ಹಗಲೆಲ್ಲ ಕಿಟಕಿ ತೆರೆದು ವಾರ್ತೆ ನೋಡುವವರಾದರೆ ಅಣ್ಣನ ಮಾತಿನಲ್ಲಿಯೂ ಸತ್ವವಿದೆ.

ವಿದ್ಯುತ್ತಿನ ಪಾಲನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಯಂತ್ರದ ಬೆನ್ನನ್ನು ಮಾತ್ರ ಎಂದೂ ಬಿಚ್ಚತಕ್ಕದ್ದಲ್ಲ. ಒಳಗೆ ನೂರಾರು ವೋಲ್ಟುಗಳಿರುತ್ತವೆ. ಮನೆಯ ಉಳಿದ ಉಪಕರಣಗಳನ್ನೆಲ್ಲ ಆರಿಸಿ, ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುವುದೆಂದು ಎಣಿಸಿ. ಒಂದು ಯೂನಿಟ್ಟಿಗೆ ೩೨೦೦ ಮಿನುಗು ಎಂದು ಮೀಟರಿನ ಮೇಲೆ ಬರೆದಿದ್ದರೆ ಒಂದು ಮಿನುಗಿಗೆ ೧೧೨೫ ಜೌಲ್. ನಿಮಿಷಕ್ಕೆ ೨೦ ಮಿನುಗಿದರೆ ೩೭೫ ವಾಟ್. ಮೊದಲು ಪೂರ್ಣ ಕಪ್ಪು ಚಿತ್ರ, ಬಳಿಕ ಅರ್ಧ ಬಿಳುಪು, ಕೊನೆಗೆ ಪೂರ್ಣ ಬಿಳುಪು ಇಟ್ಟು ಐದೈದು ನಿಮಿಷ ಎಣಿಸಿ. ಕಪ್ಪಿಗೆ ಎಣಿಕೆ ಬಹಳ ಕಡಿಮೆ ಬರುವುದು. ಅರ್ಧ ಬಿಳುಪಿಗೂ ಪೂರ್ಣ ಬಿಳುಪಿಗೂ ಹೆಚ್ಚು ಅಂತರ ಬಾರದಿದ್ದರೆ, ರೇಷ್ಮೆಗೂಡಿನ ರಾಶಿಯನ್ನು ಮಂಕಾಗಿಸಿದ ಆ ಮಿತಿ ಎಲ್ಲಿ ಮೊದಲಾಗುವುದೆಂದು ಕಾಲುಭಾಗ ಬಿಳುಪಿನ ಚಿತ್ರವನ್ನಿಟ್ಟು ಮತ್ತೊಮ್ಮೆ ಎಣಿಸಿ ನೋಡಿರಿ.